ತನ್ನ ಹಸುವನ್ನು ಕದ್ದ ವರ್ತಕ

ಹಸು ವರ್ತಕನದು. ಅದನ್ನು ಒಯ್ದವನೂ ವರ್ತಕನೇ. ಹಸು ಹಿಂತಿರುಗಿತು. ದೂರು ಕೊಟ್ಟವಳು ಕ್ಷಮಿಸಿದಳು. ಆದರೂ ನ್ಯಾಯಾಧಿಕಾರಿ ವರ್ತಕನನ್ನು ಸೆರೆಮನೆಗೆ ಕಳುಹಿಸಿದ.

ನೆರೆಯೂರಿನಲ್ಲಿ ಕೇಳಿಬಂದ ಈ ಸಂಗತಿಗಳನ್ನು ಶಿಷ್ಯ ಗುರುವಿನ ಮುಂದಿಟ್ಟ. "ಇದರಲ್ಲಿ ಕಳ್ಳತನ ಎಲ್ಲಿದೆ, ಗುರುಗಳೇ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯುತ್ತಿಲ್ಲ."

ಗುರು ನಡೆದದ್ದನ್ನು ಮೊದಲಿನಿಂದ ಹೇಳಿದರು.

ಒಬ್ಬ ವರ್ತಕ ತನ್ನ ಕಡಸನ್ನು ಒಬ್ಬ ವಿಧವೆಗೆ ಪಾಲಿಗೆ ಕೊಟ್ಟಿದ್ದ. ಸಾಕುವ ಹೊಣೆ ಅವಳದು. ಮೊದಲ ಕರು ಅವಳದು. ಕರು ಹಾಲು ಬಿಟ್ಟ ಮೇಲೆ ಹಸು ಅವನಿಗೆ ಮರಳಬೇಕು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಬೇರೆ ಸ್ವತ್ತೇ ಇರಲಿಲ್ಲ. ಕಡಸು ಗಬ್ಬವಾಯಿತು, ಕೆಚ್ಚಲು ತುಂಬಿತು. ಅವಳು ಹುಲ್ಲಿಗೆ ಹೋದ ಹೊತ್ತು ನೋಡಿ ವರ್ತಕ ಹಗ್ಗ ಬಿಚ್ಚಿ ಹೊಡೆದುಕೊಂಡು ಹೋದ. ಸಂಜೆ ಅವಳ ಬಾಗಿಲಿಗೆ ಬಂದು, "ನನ್ನ ಹಸು ಎಲ್ಲಿ?" ಎಂದು ಅವಳನ್ನೇ ಗದರಿಸಿದ. ಅವಳು ದೂರು ಕೊಟ್ಟಳು. ಹಸು ವರ್ತಕನ ಹಿತ್ತಲಿನಲ್ಲೇ ಸಿಕ್ಕಿತು.

"ನನ್ನ ಹಸುವನ್ನು ನಾನೇ ಕದ್ದೆನಂತೆ! ನಾಳೆ ನನ್ನ ಮೀಸೆಯನ್ನೂ ನಾನೇ ಕದ್ದೆ ಅನ್ನುತ್ತೀರಿ" ಎಂದು ವರ್ತಕ ನಕ್ಕ.

ನ್ಯಾಯಾಧಿಕಾರಿ ನಗಲಿಲ್ಲ. "ಹಸು ನಿನ್ನದು. ಅವಳ ವಶದಲ್ಲಿತ್ತು. ಅವಳನ್ನು ಕೇಳದೆ, ಅವಳ ಕರುವನ್ನು ನುಂಗುವ ಎಣಿಕೆಯಿಂದ ಹಗ್ಗ ಬಿಚ್ಚಿದೆ. ಅದಕ್ಕೆ ಕಳ್ಳತನವೆಂದೇ ಹೆಸರು" ಎಂದ.

ಊರ ಹಿರಿಯರು ವಿಧವೆಯನ್ನು ಸುತ್ತುವರಿದರು. "ಹಸು ಬಂತಲ್ಲ ತಾಯಿ, ಇನ್ನೇಕೆ ಹಟ? ನಾಳೆ ಉಪ್ಪಿಗೆ ನೀನು ಅವನ ಅಂಗಡಿಗೇ ಹೋಗಬೇಕು." ಅವಳು ಕ್ಷಮಿಸಿದೆನೆಂದು ಹೇಳಿ, ದೂರನ್ನು ಹಿಂತೆಗೆದುಕೊಳ್ಳುತ್ತೇನೆಂದು ಕೈಮುಗಿದಳು. ಆದರೂ ವರ್ತಕನಿಗೆ ಸೆರೆ ತಪ್ಪಲಿಲ್ಲ.

ಶಿಷ್ಯನ ಗೊಂದಲ ಇಮ್ಮಡಿಯಾಯಿತು. ತನ್ನ ವಸ್ತುವನ್ನೂ ಕದಿಯಬಹುದೆಂಬ ಮಾತನ್ನು ಅವನು ಹೇಗೋ ಒಪ್ಪಿಕೊಂಡ. ಮುಂದಿನದು ಗಂಟಲಿನಲ್ಲಿ ಇಳಿಯಲಿಲ್ಲ. "ಕಳೆದುಕೊಂಡವಳಿಗೆ ಹಸು ಸಿಕ್ಕಿತು. ಅವಳೇ ಸಾಕೆಂದಳು. ಹಾಗಾದರೆ ಈ ಶಿಕ್ಷೆ ಯಾರ ಪರವಾಗಿ?"

ಗುರು ಹೇಳಿದರು: "ಆ ಊರಿನಲ್ಲಿ ಪಾಲಿಗೆ ದನ ಸಾಕುವ ಹೆಂಗಸರೆಲ್ಲ ಅಂದಿನಿಂದ ಕೊಟ್ಟಿಗೆಯಲ್ಲೇ ಕಾವಲಿಗೆ ಮಲಗುತ್ತಿದ್ದಾರೆ. ಅವರ ನಿದ್ದೆಯನ್ನು ವರ್ತಕ ಯಾವಾಗ ಹಿಂತಿರುಗಿಸಿದ?"



ಊರಿನ ಮರ್ಯಾದೆಯ ಹೆಸರಿನಲ್ಲಿ ಯಾರದೋ ದೂರನ್ನು ಹಿಂತೆಗೆಸಲು ಹೊರಟವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಈ ಕತೆಯನ್ನು ಅವರಿಗೆ ತಲುಪಿಸಿ.