ಗುಲಾಬಿ ಅಜ್ಜಿಯ ಇಳಿಯದ ಚಪ್ಪಲಿ

ಇಳಿಯುವವರ ಎರಡು ಕಾಲೂ ನೆಲ ಮುಟ್ಟುವ ತನಕ ಬಸ್ಸು ಕದಲಬಾರದು. ಇದು ನಿಯಮ. ಈ ಕತೆಯಲ್ಲಿ ಎಲ್ಲರೂ ಅದನ್ನು ಮುರಿದರು.

ಗೋಳಿಮರದ ಸ್ಟಾಪು. ಕೆಂಪು ಬಸ್ಸು ಬಂತು. ಗುಲಾಬಿ ಅಜ್ಜಿ ಒಂದು ಕಾಲು ಕೆಳಗಿಟ್ಟಳು. ಬುರ್ರ್! ಬಸ್ಸು ಹೊರಟೇಬಿಟ್ಟಿತು. ಅಜ್ಜಿ ಇಳಿದಳು. ಒಂದು ಚಪ್ಪಲಿ ಇಳಿಯಲಿಲ್ಲ!

ಮನೆ ದೂರ. ಡಾಂಬರು ಬಿಸಿ. ಹೋಗುವುದು ಹೇಗೆ? ಟಪ್, ಅಯ್ಯಯ್ಯೋ! ಟಪ್, ಅಯ್ಯಯ್ಯೋ!

ಕೆಂಪು ಬಸ್ಸು ತಿರುಗಿ ಬಂತು. ಅಜ್ಜಿ ಕೈ ಅಡ್ಡ ಹಿಡಿದಳು.

"ಡ್ರೈವರ್ ಸದಾನಂದಾ, ಬ್ರೇಕ್ ಹಾಕು. ಬ್ರೇಕ್ ಹಾಕಿದರೆ ಚಪ್ಪಲಿ ಸಿಗ್ತದೆ."

"ಆಗುದಿಲ್ಲ ಅಜ್ಜೀ! ಕಂಡಕ್ಟರ್ ವಿಸಿಲ್ ಊದಬೇಕು." ಬುರ್ರ್!

ಟಪ್, ಅಯ್ಯಯ್ಯೋ!

ಕೆಂಪು ಬಸ್ಸು ಮತ್ತೆ ಬಂತು. ಬಾಗಿಲಲ್ಲಿ ಕಂಡಕ್ಟರ್ ವಿಲ್ಫಿ ನೇತಾಡುತ್ತಿದ್ದ.

"ವಿಲ್ಫೀ, ವಿಸಿಲ್ ಊದು. ವಿಸಿಲ್ ಊದಿದರೆ ಸದಾನಂದ ಬ್ರೇಕ್ ಹಾಕ್ತಾನೆ. ಬ್ರೇಕ್ ಹಾಕಿದರೆ ಚಪ್ಪಲಿ ಸಿಗ್ತದೆ."

"ಆಗುದಿಲ್ಲ ಅಜ್ಜೀ! ಧಣಿ ಬೈತಾರೆ." ಬುರ್ರ್!

ಕೆಂಪು ಬಸ್ಸಿನ ಧಣಿ ಎದುರು ಮನೆಯ ಜಗಲಿಯಲ್ಲೇ ಕೂತಿದ್ದರು. ಅಜ್ಜಿ ರಸ್ತೆ ದಾಟಿದಳು. ಟಪ್, ಅಯ್ಯಯ್ಯೋ!

"ಧಣಿಗಳೇ, ಬೈಬೇಡಿ. ನೀವು ಬೈಯದಿದ್ದರೆ ವಿಲ್ಫಿ ವಿಸಿಲ್ ಊದ್ತಾನೆ. ವಿಸಿಲ್ ಊದಿದರೆ ಸದಾನಂದ ಬ್ರೇಕ್ ಹಾಕ್ತಾನೆ. ಬ್ರೇಕ್ ಹಾಕಿದರೆ ಚಪ್ಪಲಿ ಸಿಗ್ತದೆ."

"ಆಗುದಿಲ್ಲ ಮಾರಾಯ್ತಿ! ಹಿಂದೆಯೇ ಹಸಿರು ಬಸ್ಸು ಓಡಿ ಬರ್ತಾ ಉಂಟು. ನಾವು ನಿಂತರೆ ಮುಂದಿನ ಸ್ಟಾಪಿನ ಜನರನ್ನೆಲ್ಲ ಅದೇ ಹತ್ತಿಸಿಕೊಳ್ತದೆ. ಲಾಭ ಅವರಿಗೆ, ಖಾಲಿ ಸೀಟು ನನಗೆ!"

ಧೂಳೆಬ್ಬಿಸಿ ಹಸಿರು ಬಸ್ಸು ಬಂತು. ಅಜ್ಜಿ ಎರಡೂ ಕೈ ಅಡ್ಡ ಹಿಡಿದಳು.

"ಡ್ರೈವರ್ ಇದಿನಬ್ಬಾ, ಓಡಿಸಬೇಡ. ನೀನು ಓಡಿಸದಿದ್ದರೆ ಧಣಿ ಬೈಯುದಿಲ್ಲ. ಧಣಿ ಬೈಯದಿದ್ದರೆ ವಿಲ್ಫಿ ವಿಸಿಲ್ ಊದ್ತಾನೆ. ವಿಸಿಲ್ ಊದಿದರೆ ಸದಾನಂದ ಬ್ರೇಕ್ ಹಾಕ್ತಾನೆ. ಬ್ರೇಕ್ ಹಾಕಿದರೆ ಚಪ್ಪಲಿ ಸಿಗ್ತದೆ."

"ರೈಟ್, ರೈಟ್!" ಹಸಿರು ಬಸ್ಸಿನ ಕಂಡಕ್ಟರ್ ಕಿರುಚಿದ. "ಕೆಂಪು ಬಸ್ಸು ಮುಂದೆ ಹೋಯ್ತು!"

ಇದಿನಬ್ಬ ಅಜ್ಜಿಯ ಬರಿಗಾಲು ನೋಡಿದ.

"ಹೋಗಲಿ. ಜನ ಇಳಿಯುವ ಮೊದಲೇ ದಿನಾ ನಾನೂ ಓಡಿಸಿದೆ. ಇನ್ನು ಓಡಿಸುದಿಲ್ಲ."

ಹಸಿರು ಬಸ್ಸು ನಿಂತಿತು. ಧಣಿ ಕಣ್ಣರಳಿಸಿ ನೋಡಿದರು, ಫೋನ್ ಎತ್ತಿದರು: "ವಿಲ್ಫೀ, ಅವಸರ ಇಲ್ಲ!" ಧಣಿ ಬೈಯಲಿಲ್ಲ, ವಿಲ್ಫಿ ವಿಸಿಲ್ ಊದಿದ. ವಿಸಿಲ್ ಕೇಳಿತು, ಸದಾನಂದ ಬ್ರೇಕ್ ಹಾಕಿದ. ಬ್ರೇಕ್ ಬಿತ್ತು, ವಿಲ್ಫಿ ಚಪ್ಪಲಿ ಎತ್ತಿ ಹಿಡಿದು ಓಡೋಡಿ ಬಂದ.

ಅಜ್ಜಿ ಮೆಟ್ಟಿಕೊಂಡಳು. ಟಪ್, ಟಪ್! ಟಪ್, ಟಪ್!

"ರೈಟ್, ರೈಟ್!" ಹಸಿರು ಬಸ್ಸಿನ ಕಂಡಕ್ಟರ್ ಮತ್ತೆ ಕಿರುಚಿದ. ಅದರ ಹಿಂದಿನ ಬಾಗಿಲಲ್ಲಿ ಕೈಮಗುವಿನ ತಾಯಿಯೊಬ್ಬಳು ಇನ್ನೂ ಇಳಿಯುತ್ತಿದ್ದಳು.

ಇದಿನಬ್ಬ ಬಸ್ಸಿನ ಕೀ ತೆಗೆದು ಅಜ್ಜಿಯ ಕೈಯಲ್ಲಿಟ್ಟ. "ಅವಳ ಎರಡು ಕಾಲೂ ನೆಲ ಮುಟ್ಟಿದ ಮೇಲೆ ಕೊಡಿ ಅಜ್ಜೀ."