ಹವಳಮ್ಮನಿಗೆ ಟ್ಯೂಬ್‌ಲೈಟ್ ನೋಡಿದ್ದು

ಒಂದಾನೊಂದು ಊರಿನಲ್ಲಿ, ಸಮುದ್ರದಿಂದ ನೂರು ಗಾವುದ ಆಚೆಗೆ, ಗಾಜೇಂದ್ರ ಅಂತ ಒಬ್ಬ ರಾಜನಿದ್ದ. ಅವನಿಗೆ ಆನೆ ಬೇಡ, ಕುದುರೆ ಬೇಡ, ಯುದ್ಧವಂತೂ ಬೇಡವೇ ಬೇಡ. ಒಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಉಪ್ಪುನೀರು, ನೀರಿನಲ್ಲಿ ಒಂದು ಜೀವಂತ ಹವಳ. ಇಷ್ಟಿದ್ದರೆ ಸಾಕು. ಆ ಹವಳವನ್ನು ಎಲ್ಲರೂ ಹವಳಮ್ಮ ಅನ್ನುತ್ತಿದ್ದರು. ಸಮುದ್ರದಿಂದ ಬಂದಾಗ ಕುಂಕುಮದಂಥ ಬಣ್ಣ. ಅರಮನೆಯೊಳಗೆ ಬಿಸಿಲೆಲ್ಲಿಂದ ಬರಬೇಕು? ದಿನೇ ದಿನೇ ಬಿಳಿಚತೊಡಗಿದಳು.

ವೈದ್ಯರು ಬಂದರು. ಗಾಜಿನ ನಾಡಿ ಹಿಡಿದು ನೋಡಿದರು. "ಇವಳಿಗೆ ಬೆಳಕಿನ ಹಸಿವು. ಎಂಟು ದಿನದೊಳಗೆ ತಕ್ಕ ಟ್ಯೂಬ್‌ಲೈಟ್ ಹಾಕದಿದ್ದರೆ ಪೂರಾ ಸುಣ್ಣ" ಅಂದರು.

ಆ ಊರಿನ ಪದ್ಧತಿ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳಿ. ಅಲ್ಲಿ ಜೋಡಿಯಾಗುವ ಯಾವುದನ್ನೂ ನೋಡುವ ಶಾಸ್ತ್ರ ಮಾಡದೆ ತರುವಂತಿಲ್ಲ. ಬೀಗಕ್ಕೆ ಕೀಲಿ ಬೇಕೋ, ಕೀಲಿಯ ಕಡೆಯವರು ಬಂದು ಉಪ್ಪಿಟ್ಟು, ಕೇಸರಿಬಾತ್ ತಿನ್ನಬೇಕು. ಒರಳಿಗೆ ಗುಂಡು ಬೇಕೋ, ಜಾತಕ ಕೂಡಬೇಕು. ಇಂಥ ಸಂಬಂಧಗಳನ್ನು ಕುದುರಿಸುತ್ತಿದ್ದವಳು ಕೊಟ್ರವ್ವ. ಅವಳ ಕೈಗುಣಕ್ಕೆ ಸೊಟ್ಟ ಡಬ್ಬಿಗಳೂ ಮುಚ್ಚಳ ಕಂಡಿದ್ದವು.

ರಾಜ ಅವಳನ್ನು ಕರೆಸಿದ.

"ಕೊಟ್ರವ್ವ, ಎಲೆಅಡಿಕೆ ಹಾಕ್ತೀಯಲ್ಲ?"

"ಹಾಕ್ತೀನಿ ಬುದ್ಧಿ."

"ಹವಳಮ್ಮ ಸುಣ್ಣವಾದರೆ ಆ ಸುಣ್ಣಾನೇ ಹಚ್ಚಿಕೊಂಡು ತಿನ್ನಬೇಕು. ತಿಳೀತಾ?"

ಕೊಟ್ರವ್ವ ಸೊಂಟದ ಎಲೆಅಡಿಕೆ ಚೀಲದ ಬಾಯಿ ಬಿಗಿದು ಕಟ್ಟಿದಳು. ದಿನಾ ಬೆಳಿಗ್ಗೆ ಹವಳಮ್ಮನ ಮುಂದೆ ಕೂತು ಕಷ್ಟಸುಖ ಹೇಳಿಕೊಳ್ಳುತ್ತಿದ್ದವಳು ಅವಳು. ಗೆಳತಿಯನ್ನು ಎಲೆಗೆ ಹಚ್ಚಿಕೊಂಡು ತಿನ್ನುವುದುಂಟೇ?

ಶಾಸ್ತ್ರ ಶುರುವಾಯಿತು. ಮೊಟ್ಟಮೊದಲು ತೊಟ್ಟಿಗೆ ದಪ್ಪನೆಯ ಉಣ್ಣೆ ಕಂಬಳಿ ಹೊದಿಸಿದರು. ಸಂಬಂಧ ಗಟ್ಟಿಯಾಗುವವರೆಗೆ ಹುಡುಗಿಯ ಮುಖ ತೋರಿಸುವುದು ಅಲ್ಲಿ ಮರ್ಯಾದೆಯಲ್ಲ. ಇಣುಕುವ ಹಕ್ಕು ವೈದ್ಯರಿಗೆ ಮಾತ್ರ.

ಮೊದಲ ವರ ಬಿಳಿ ಟ್ಯೂಬ್‌ಲೈಟ್. ನಾಲ್ಕಡಿ ಎತ್ತರ, ಹಾಲಿನ ಮೈಬಣ್ಣ. ಆದರೆ ಏನು ಕೇಳಿದರೂ ಮೂರು ಸಲ ಮಿಣುಕಿದ ಮೇಲೇ ಬಾಯಿ ಬಿಡುವವನು. ಅಷ್ಟರಲ್ಲಿ ಹುಡುಗಿ ಕಡೆಯ ಹಿರಿಯರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು.

"ಹೆಸರೇನಪ್ಪ?"

ಮಿಣಕ್, ಮಿಣಕ್, ಮಿಣಕ್.

"ಯಾವೂರು?"

"ಬೆಳ್ಳಿಯಪ್ಪ."

"ಏನು ಕೆಲಸ?"

"ಗೋಡೆ ಮೇಲೆ."

"ಚಟ ಏನಾದ್ರೂ ಉಂಟಾ?"

"ದಿನವಿಡೀ ಉರಿಯೋದು."

"ತಂದೆತಾಯಿ?"

"ಒಂದೂ ಇಲ್ಲ."

"ಪಾಪ, ಅನಾಥ!" ಅಂತ ಹಿರಿಯರು ಕಣ್ಣೊರೆಸಿಕೊಂಡರು. "ಹೋಗಲಿ, ಉಪ್ಪಿಟ್ಟು ಹೇಗಿದೆ?"

"ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ" ಅಂದ ಬೆಳ್ಳಿಯಪ್ಪ. ಸಭೆಗೆ ಸಭೆಯೇ ಕಕ್ಕಾಬಿಕ್ಕಿಯಾಯಿತು.

ಎರಡನೆಯ ವರ ನೀಲಿ ಟ್ಯೂಬ್‌ಲೈಟ್. ತಟ್ಟನೆ ಹೊತ್ತಿಕೊಂಡ, ತಟ್ಟನೆ ಉತ್ತರ ಕೊಟ್ಟ.

"ಹುಡುಗ ಸ್ವಲ್ಪ ನೀಲಿ ಅಲ್ವೇನೇ?" ಅಂದರು ಹಿರಿಯರು.

"ಕೃಷ್ಣ ಏನು ಕೇಸರಿ ಬಣ್ಣಕ್ಕಿದ್ನಾ? ಸಮುದ್ರ ಯಾವ ಬಣ್ಣ?" ಅಂದಳು ಕೊಟ್ರವ್ವ.

ಹಿರಿಯರು ಒಪ್ಪುವವರೇ ಇದ್ದರು. ಅಷ್ಟರಲ್ಲಿ ತಟ್ಟೆ ನೋಡಿಕೊಂಡರು. "ಉಪ್ಪಿಟ್ಟೂ ನೀಲಿಯಾಗಿ ಕಾಣುತ್ತೆ! ಇಂಥ ಮನೆಗೆ ಹೆಣ್ಣು ಕೊಡೋದಾ?"

ಯಾರನ್ನು ಒಪ್ಪಬೇಕೆಂದು ಗೊತ್ತಾಗದೆ ಒಂದು ದಿನ ಬಿಳಿ ಉರಿಸಿದರು, ಒಂದು ದಿನ ನೀಲಿ ಉರಿಸಿದರು. ವೈದ್ಯರು ಇಣುಕಿ "ಇನ್ನೂ ಬಿಳಿಚಿದಾಳೆ" ಅಂದರು. ಹಾಗಾದರೆ ಬೆಳಕು ಸಾಲದು ಅಂತ ಅವರ ಅಣ್ಣತಮ್ಮಂದಿರನ್ನೂ ಕರೆಸಿದರು. ಹತ್ತು ಬಿಳಿ, ಹತ್ತು ನೀಲಿ. ಸಭೆಯವರು ಕೊಡೆ ಹಿಡಿದು ಕೂತರು. ಕಂಬಳಿಗೆ ಬೆಳಕು ಮೈಗೆ ಹಿಡಿದು ಉಣ್ಣೆ ಬೆಳೆಯಿತು. ಏಳನೆಯ ದಿನ ಅದು "ಬ್ಯಾ" ಅಂದಿತು. ವೈದ್ಯರು ಮಾತ್ರ "ಇನ್ನೂ ಬಿಳಿಚಿದಾಳೆ" ಅಂದರು.

ಕೊಟ್ರವ್ವನಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ಬೆಳಕು ಉಂಡೂ ಹುಡುಗಿ ಸೊರಗುತ್ತಾಳೆಂದರೆ ಅದೆಂಥ ಕಾಯಿಲೆ? ಅವಳಿಗೆ ಅಳು ಬಂತು. ಎಂಟನೆಯ ದಿನ ಬೆಳಿಗ್ಗೆ, ಗೆಳತಿ ಸಾಯುವ ಮುಂಚೆ ಎದುರಿಗೆ ನಿಂತು ತಪ್ಪಾಯಿತು ಅನ್ನೋಣವೆಂದು ತೊಟ್ಟಿಯ ಹತ್ತಿರ ಬಂದಳು.

"ಮರ್ಯಾದೆಗಿಷ್ಟು ಬೆಂಕಿ ಬೀಳ!" ಅಂತ ಕಂಬಳಿ ಕಿತ್ತೆಸೆದಳು. ಅದು ಬ್ಯಾ ಅನ್ನುತ್ತ ಹೊಲದ ಕಡೆ ಓಡಿತು.

ಬೆಳಕು ನೀರಿಗೆ ಬಿತ್ತು. ಹವಳಮ್ಮನ ಬೆರಳ ತುದಿ ಕೆಂಪಾಯಿತು.

"ಕೊಟ್ರವ್ವ," ಅಂದಳು ಹವಳಮ್ಮ ಕ್ಷೀಣವಾಗಿ, "ಏಳು ದಿನದಿಂದ ಹೊರಗೆ ಏನು ಗಲಾಟೆ? ಒಳಗೆ ಬರೀ ಕತ್ತಲು."

ಹಿರಿಯರೆಲ್ಲ ಸೂರು ನೋಡಿದರು.

"ನಿನಗೆ ಯಾರು ಬೇಕು ತಾಯಿ?" ಅಂತ ಕೇಳಿದಳು ಕೊಟ್ರವ್ವ.

"ಬೆಳಿಗ್ಗೆ ಸಂಜೆ ನೀಲಿ. ಮಧ್ಯಾಹ್ನ ಬಿಳಿ. ರಾತ್ರಿ ಇಬ್ಬರೂ ಆಚೆಗೆ. ನಾನು ನಿದ್ದೆ ಮಾಡಬೇಕು."

ರಾಜ ಸಿಂಹಾಸನದಿಂದ ಎದ್ದು ನಿಂತ. "ಒಬ್ಬಳಿಗೆ ಇಬ್ಬರಾ? ಎಲ್ಲಾದರೂ ಉಂಟಾ?"

"ಬುದ್ಧಿ, ತಮಗೆ ರಾಣಿಯರು ಎಷ್ಟು ಮಂದಿ?" ಅಂದಳು ಕೊಟ್ರವ್ವ.

ರಾಜ ಬೆರಳು ಮಡಚಿದ. ಒಂದು ಕೈ ಮುಗಿಯಿತು. ಇನ್ನೊಂದು ಕೈಯಲ್ಲಿ ಎಣಿಸತೊಡಗಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಲೈಟ್ ಹಾಕ್ರಯ್ಯ" ಅಂದ.

ಮೊದಲು ಕಂಬಳಿ ತೆಗೆಯಿರಿ, ಆಮೇಲೆ ಉಪ್ಪಿಟ್ಟು ತಿನ್ನಿ. ಕತೆ ಕಡಲಿಗೆ ಹೋಯಿತು, ಉಪ್ಪು ನಮಗುಳಿಯಿತು.