ಬೆನ್ನಿನ ಫೋಟೊ ತೆಗೆಯುತ್ತಿದ್ದವನು

“ಮಾಸ್ತರೇ, ಜಪಾನಿನ ರಸ್ತೆ ಫೋಟೊದವರಲ್ಲಿ ನಾನು ಯಾರ ಶೈಲಿ ಹಿಡಿಯಲಿ?” ಎಂದು ಯಂಕೋಬ ಕೇಳಿದ.

ಹುಲಿಗೆಪ್ಪ ಮಾಸ್ತರರು ಗಂಗಾವತಿಯಲ್ಲಿ ನಲವತ್ತು ವರ್ಷ ಫೋಟೊ ತೆಗೆದವರು. ಈಗ ಬೇರೆಯವರಿಗೆ ಕಲಿಸುತ್ತಾರೆ. ಯಂಕೋಬ ಅವರ ಶಿಷ್ಯ, ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವವನು. ಒಂದು ತಿಂಗಳ ಹಿಂದೆ ಅವನ ಫೋನಿನಲ್ಲಿ ಜಪಾನು ಸಿಕ್ಕಿತ್ತು. ಅಂದಿನಿಂದ ಅವನು ನೆಟ್ಟಗಿರಲಿಲ್ಲ. ಮೊದಲ ವಾರ ಕೈ ಅಲುಗಾಡಿಸಿ ಎಲ್ಲವನ್ನೂ ಮಬ್ಬಾಗಿ ತೆಗೆದ. ಇದರಲ್ಲಿ ಮದುಮಗಳು ಯಾರು, ಹಂದರದ ಕಂಬ ಯಾವುದು ಎಂದು ಬೀಗರು ಕೇಳಿದರು. ಎರಡನೆಯ ವಾರ ಸಂತೆಯಲ್ಲಿ ಜನರ ಮುಖಕ್ಕೆ ಹತ್ತಿರ ಹೋಗಿ ಫ್ಲಾಶ್ ಹೊಡೆದ. ತರಕಾರಿಯವಳು ಬದನೆಕಾಯಿಯಿಂದ ಹೊಡೆದಳು. ಮೂರನೆಯ ವಾರ ಮಳೆ ಮತ್ತು ಕೊಡೆಯ ಶೈಲಿ. ಗಂಗಾವತಿಯ ಬೇಸಿಗೆಯಲ್ಲಿ ಮಳೆ ಎಲ್ಲಿಂದ ಬರಬೇಕು? ಗೆಳೆಯನ ಕೈಗೆ ಕೊಡೆ ಕೊಟ್ಟು ಮಾಳಿಗೆಯ ಮೇಲಿಂದ ಕೊಡಗಟ್ಟಲೆ ನೀರು ಸುರಿಸಿದ. ಕೊಡೆ ತೂತಾಗಿತ್ತು. ಗೆಳೆಯ ಈಗ ಮಾತು ಬಿಟ್ಟಿದ್ದಾನೆ.

ಇಷ್ಟನ್ನೂ ಕೇಳಿ ಮಾಸ್ತರರು ನಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಒಂದು ಕತೆ ಹೇಳಿದರು.

ಆ ದೇಶದ ಒಂದು ಊರಿನಲ್ಲಿ ಒಬ್ಬ ಫೋಟೊದವನಿದ್ದ. ಅಲ್ಲಿ ಕೇಳದೆ ಯಾರದಾದರೂ ಮುಖ ತೆಗೆದರೆ ಜನ ಒಪ್ಪುವುದಿಲ್ಲ. ಹೀಗಾಗಿ ರಸ್ತೆಯಲ್ಲಿ ಫೋಟೊ ತೆಗೆಯುವ ಹಲವರು ಮುಖ ಬಿಟ್ಟು ಉಳಿದದ್ದನ್ನು ತೆಗೆಯಲು ಕಲಿತಿದ್ದಾರೆ. ನಮ್ಮವನು ಬೆನ್ನು ತೆಗೆಯುತ್ತಿದ್ದ. ಮಳೆ, ಒಂದು ಕೊಡೆ, ಕೊಡೆಯ ಕೆಳಗೊಂದು ಬೆನ್ನು. ಆ ಬೆನ್ನು ಅವನ ಹೆಂಡತಿಯದು.

ಅವಳು ಹತ್ತು ಹೆಜ್ಜೆ ಮುಂದೆ ನಡೆಯಬೇಕು, ಅವನು ಹಿಂದೆ. ಅವಳು ತಿರುಗಬಾರದು. ತಿರುಗಿದರೆ ಫೋಟೊ ಕೆಟ್ಟಿತು. ಮದುವೆಯಾದ ಹೊಸದರಲ್ಲಿ ಎರಡು ಮೂರು ಸಲ ತಿರುಗಿದ್ದಳು. ಅವನು ದಿನವಿಡೀ ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ಅವಳು ತಿರುಗುವುದನ್ನು ಬಿಟ್ಟಳು. ಏನಾದರೂ ಹೇಳುವುದಿದ್ದರೆ ಮುಂದೆ ನೋಡುತ್ತಲೇ ಹೇಳುತ್ತಿದ್ದಳು. ಮಳೆಯ ಸದ್ದಿನಲ್ಲಿ ಅವನಿಗೆ ಅರ್ಧ ಕೇಳುತ್ತಿತ್ತು. ಹೂಂ ಅನ್ನುತ್ತಿದ್ದ. ಹೀಗೆ ಇಪ್ಪತ್ತಾರು ವರ್ಷ. ಅವನು ತೆಗೆದ ಬೆನ್ನುಗಳನ್ನು ಪ್ರದರ್ಶನಗಳ ದೊಡ್ಡ ದೊಡ್ಡ ಗೋಡೆಗಳ ಮೇಲೆ ತೂಗುಹಾಕಿದರು. ಜನ ಅವುಗಳ ಮುಂದೆ ಕೈಕಟ್ಟಿ ನಿಂತರು.

ಒಂದು ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಮೂರು ದಿನಕ್ಕೆ ತೀರಿಕೊಂಡಳು.

ಆ ದೇಶದಲ್ಲಿ ಸತ್ತವರ ಮುಖದ ದೊಡ್ಡ ಫೋಟೊ ಒಂದನ್ನು ಹೂಗಳ ನಡುವೆ ಇಡುತ್ತಾರೆ. ಬಂದವರು ಅದಕ್ಕೆ ತಲೆ ಬಾಗಿ ಬೀಳ್ಕೊಡುತ್ತಾರೆ. ಅದಿಲ್ಲದೆ ಬೀಳ್ಕೊಡುವುದು ಯಾರನ್ನು? ಸಂಸ್ಕಾರ ನಡೆಸುವವನು ಬಂದು, ನಾಳೆ ಮಧ್ಯಾಹ್ನದೊಳಗೆ ಫೋಟೊ ಬೇಕು, ಇದೆಯೇ ಎಂದು ಕೇಳಿದ. ಫೋಟೊದವನಿಗೆ ಕೋಪವೇ ಬಂತು. ನನ್ನನ್ನು ಕೇಳುವ ಮಾತೇ ಇದು, ಅವಳ ಫೋಟೊ ಹದಿನೆಂಟು ಸಾವಿರ ಇವೆ ಎಂದ. ಸಂಸ್ಕಾರದವನು ಒಂದು ಸಾಕು ಎಂದು ಹೇಳಿ ಹೋದ.

ಅವನು ಪೆಟ್ಟಿಗೆಗಳನ್ನು ತೆರೆದ. ಬೆನ್ನು. ಮತ್ತೆ ಬೆನ್ನು. ಹಳದಿ ಕೊಡೆ, ನೀಲಿ ಕೊಡೆ, ಸೇತುವೆಯ ಮೇಲೆ ಬೆನ್ನು, ಹಿಮದಲ್ಲಿ ಬೆನ್ನು. ಮದುವೆಯ ಫೋಟೊ ಒಂದಿತ್ತು. ಅದರಲ್ಲಿ ಬಿಳಿ ಮುಸುಕಿನ ಕೆಳಗೆ ಅವಳು ತಲೆ ತಗ್ಗಿಸಿದ್ದಳು, ತುಟಿ ಮಾತ್ರ ಕಾಣುತ್ತಿತ್ತು. ಕಣ್ಣು ಮುಚ್ಚಿ ನೆನೆಯಲು ನೋಡಿದ. ಕಣ್ಣೊಳಗೂ ಅವಳು ಮುಂದೆ ಮುಂದೆ ನಡೆಯುತ್ತಿದ್ದಳು.

ಅದೇ ಬೀದಿಗಳಲ್ಲಿ ಓಡಾಡುವ ಬೇರೆ ಫೋಟೊದವರು ನೆನಪಾದರು. ಇಷ್ಟು ವರ್ಷ ಅವನು ಅವರ ಕೆಲಸವನ್ನು ಸರಿಯಾಗಿ ನೋಡಿರಲಿಲ್ಲ. ಈಗ ಒಂದೊಂದೇ ಬಾಗಿಲು ಬಡಿದ. ಮೊದಲನೆಯವನು ಮಬ್ಬಿನವನು. ಅವನ ಬಳಿ ಅವಳದೊಂದು ಫೋಟೊ ಇತ್ತು, ಅದರಲ್ಲಿ ಅವಳು ಒದ್ದೆ ಗೋಡೆಯ ಕಲೆಯಂತೆ ಇದ್ದಳು. ಎರಡನೆಯವನು ಎತ್ತರದ ಕಟ್ಟಡಗಳಿಂದ ಉದ್ದ ನೆರಳುಗಳನ್ನು ತೆಗೆಯುವವನು. ಅವನು ಫೋಟೊದಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಯೊಂದನ್ನು ತೋರಿಸಿ ಇದು ನಿಮ್ಮ ಮನೆಯವರಿರಬೇಕು ಎಂದ. ಮೂರನೆಯವಳು ಅಂಗಡಿ ಗಾಜಿನ ಬಿಂಬಗಳನ್ನು ತೆಗೆಯುವವಳು. ಅವಳ ಫೋಟೊದಲ್ಲಿ ಹಣೆ ಇತ್ತು, ಹುಬ್ಬಿತ್ತು. ಕಣ್ಣಿರಬೇಕಾದ ಜಾಗದಲ್ಲಿ ಗಾಜಿನಾಚೆಯ ಮೀನುಗಳಿದ್ದವು. ಅವಳು ತಾನೇ ತಪ್ಪು ಮಾಡಿದವಳಂತೆ ಅತ್ತಳು.

ಉಳಿದವನು ಒಬ್ಬ. ಜನರ ಮುಖಕ್ಕೆ ಮೊಳದೂರದಿಂದ ಫ್ಲಾಶ್ ಹೊಡೆದು ಓಡುವವನು. ನಮ್ಮವನು ಒಮ್ಮೆ ನೂರು ಜನರ ಎದುರು ಅವನನ್ನು ಮುಖಗಳ್ಳ ಎಂದು ಕರೆದಿದ್ದ. ಈಗ ಅವನ ಬಾಗಿಲಲ್ಲೇ ನಿಂತು, ಹೆಂಡತಿಯ ಗುರುತು ಹೇಳಲು ಹೋಗಿ, ಕೋಟು ಬೂದು ಬಣ್ಣದ್ದು ಎಂದ. ಬೇರೇನೂ ಹೇಳಲು ಬರಲಿಲ್ಲ.

ಫ್ಲಾಶಿನವನು ಕುಹಕವಾಡಲಿಲ್ಲ. ಪೆಟ್ಟಿಗೆಯನ್ನೇ ಮುಂದಿಟ್ಟ. ಬೆಚ್ಚಿದ ಮುಖ, ಸಿಡುಕಿದ ಮುಖ, ಬೈಯುವ ಮುಖ. ನೂರಾರು ಮುಖಗಳಾದ ಮೇಲೆ ಒಂದು ಬಂತು. ಅದು ಬೆಚ್ಚಿರಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಒಬ್ಬಳು ಹಿಂದೆ ತಿರುಗಿ ನಿಂತಿದ್ದಳು. ಬಾಯಿ ಅರ್ಧ ತೆರೆದಿತ್ತು. ಕಣ್ಣು ದೂರದಲ್ಲಿತ್ತು. ನಮ್ಮವನು ಅದನ್ನು ದಾಟಿ ಮುಂದಿನದಕ್ಕೆ ಹೋದ. ಆಮೇಲೆ ಕೈ ನಿಂತಿತು. ಕೋಟು ಬೂದು ಬಣ್ಣದ್ದು.

ಫ್ಲಾಶಿನವನಿಗೆ ಆ ದಿನ ನೆನಪಿತ್ತು. “ಇವರು ನನ್ನನ್ನು ಬೈಯಲಿಲ್ಲ,” ಎಂದ. “‘ನನ್ನ ಹಿಂದೆ ಒಬ್ಬರು ಬರುತ್ತಿದ್ದರು, ನೋಡಿದಿರಾ?’ ಎಂದು ಕೇಳಿದರು. ಇಲ್ಲ ಎಂದೆ. ಬಹಳ ಹೊತ್ತು ಅಲ್ಲೇ ನಿಂತಿದ್ದರು.”

ನಮ್ಮವನಿಗೂ ಆ ದಿನ ನೆನಪಾಯಿತು. ಪಕ್ಕದ ಸಂದಿಯಲ್ಲಿ ಯಾರದೋ ಕೆಂಪು ಕೊಡೆ ಹೋಗಿತ್ತು. ಅವನು ಅದರ ಹಿಂದೆ ಹೋದ. ಕೂಗಿ ಹೇಳಿದರೆ ಕೊಡೆಯವರು ತಿರುಗಿಯಾರೆಂದು ಹೆಂಡತಿಗೆ ಹೇಳಿರಲಿಲ್ಲ. ಸಂಜೆ ಮನೆಗೆ ಬಂದಾಗ ಅವಳು ಸಾರು ಬಿಸಿ ಮಾಡುತ್ತಿದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. ಅವನು ಕೆಂಪು ಕೊಡೆಯ ಫೋಟೊ ತೋರಿಸಿದ. ಚೆನ್ನಾಗಿದೆ ಎಂದಳು.

ಮರುದಿನ ಹೂಗಳ ನಡುವೆ ಆ ಮುಖವನ್ನೇ ಇಟ್ಟರು. ಬಂದವರೆಲ್ಲ ತಲೆ ಬಾಗಿಸಿ, ತಲೆ ಎತ್ತಿ, ಇನ್ನೊಮ್ಮೆ ನೋಡಿದರು. ಎಷ್ಟು ಅಕ್ಕರೆಯಿಂದ ನೋಡುತ್ತಿದ್ದಾಳೆ, ಗಂಡನಾದವನು ಮಾತ್ರ ತೆಗೆಯಬಲ್ಲ ಫೋಟೊ ಎಂದು ಹೊಗಳಿದರು. ನೀವು ತೆಗೆದುದರಲ್ಲಿ ಇದೇ ದೊಡ್ಡದು ಎಂದು ಒಬ್ಬ ಹಿರಿಯ ಅವನ ಕೈ ಹಿಡಿದ. ಅವನು ಬಾಯಿ ತೆರೆದ, ಮುಚ್ಚಿದ. ದುಃಖ ಹೆಚ್ಚಾಗಿದೆ, ಮಾತಾಡಿಸಬೇಡಿ ಎಂದು ಜನ ಪಕ್ಕಕ್ಕೆ ಸರಿದರು.

ಮಾಸ್ತರರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ಯಂಕೋಬ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಮಬ್ಬಿನವನು ಹೋದ, ನೆರಳಿನವನು ಹೋದ, ಗಾಜಿನವಳು ಹೋದಳು, ಬೆನ್ನಿನವನಂತೂ ಹೋದ.

“ಹಾಗಾದರೆ ಫ್ಲಾಶಿನವನ ಶೈಲಿಯೇ ಗೆದ್ದಿತು ಅನ್ನಿ,” ಎಂದ. “ಬದನೆಕಾಯಿ ಏಟು ತಿಂದದ್ದು ದಂಡವಾಗಲಿಲ್ಲ, ಮಾಸ್ತರೇ.”

“ಅವಳು ತಿರುಗಿ ಹುಡುಕಿದ್ದು ಫೋಟೊ ತೆಗೆಯುವವನನ್ನಲ್ಲ, ತಮ್ಮಾ, ಗಂಡನನ್ನು.”